ಗ್ಯಾಸ್ಕೆಟ್ ಬದಲಿಸಿದರೂ ನಿಲ್ಲದ ಸೋರಿಕೆ: ನವನಗರದ ಒಂದು ಫ್ರಂಟ್‌ಲೋಡ್ ಮಷಿನ್

"ಅರಿವಿ ಹಾಕಿದಾಗೊಮ್ಮೆ ಮಷಿನ್ ಹಿಂದ ನೀರ ನಿಂತಿರ್ತಾವ್ರಿ." ದೂರು ಇಷ್ಟೇ. ಹುಬ್ಬಳ್ಳಿ-ಧಾರವಾಡದ ನಡುವಿನ ನವನಗರದಲ್ಲಿ ಮೊದಲ ಮಹಡಿಯ ಮನೆ, ನಾಲ್ಕು ಮಂದಿ. ಆರು ವರ್ಷದ ಹಿಂದೆ ತಂದ 7 ಕೆ.ಜಿ. ಫ್ರಂಟ್‌ಲೋಡ್ ಮಷಿನ್ ಹಿಂಬದಿಯ ಯುಟಿಲಿಟಿಯಲ್ಲಿ ಸ್ಟ್ಯಾಂಡಿನ ಮೇಲಿದೆ. ಸೋರಿಕೆ ಶುರುವಾಗಿ ಆರು ವಾರ. ಅಷ್ಟರಲ್ಲಿ ಎರಡು ರಿಪೇರಿ ಮುಗಿದಿದ್ದವು.

ಮೊದಲು ಬಂದ ಮಿಸ್ತ್ರಿ ನೀರು ನಿಂತದ್ದು ಹಿಂದಿನ ಬಲ ಮೂಲೆಯಲ್ಲಿ ಎಂದು ನೋಡಿ, ಅಲ್ಲೇ ಇಳಿದಿದ್ದ ಡ್ರೈನ್ ಪೈಪಿಗೆ ಎಪಾಕ್ಸಿ ಪುಟ್ಟಿ ಮೆತ್ತಿದ. ಎರಡನೆಯವನು "ಗ್ಯಾಸ್ಕೆಟ್ ಹೋಗೇತಿ" ಎಂದು ಬಾಗಿಲಿನ ರಬ್ಬರ್ ಬದಲಿಸಿದ. ಕೂಲಿ ಸೇರಿ ಮೂರು ಸಾವಿರದ ಹತ್ತಿರ ಹೋಯಿತು. ನೀರು ಮಾತ್ರ ಅದೇ ಮೂಲೆಯಲ್ಲಿ ಅಷ್ಟೇ ನಿಲ್ಲುತ್ತಿತ್ತು.

ಇಬ್ಬರೂ ಎಡವಿದ್ದು ಒಂದೇ ಕಡೆ. ನೀರು ಎಲ್ಲಿ ನಿಂತಿದೆ ಎಂದು ನೋಡಿದರೇ ಹೊರತು ಯಾವಾಗ ಬೀಳುತ್ತಿದೆ ಎಂದು ನೋಡಲಿಲ್ಲ. ಯುಟಿಲಿಟಿಯ ನೆಲಕ್ಕೆ ಹಿಂದಿನ ಬಲ ಮೂಲೆಯ ನಹನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ತೂತಿನ) ಕಡೆ ಇಳಿಜಾರು ಕೊಟ್ಟಿರುತ್ತಾರೆ. ಮಷಿನ್ ಯಾವ ಭಾಗದಿಂದ ಸೋರಿದರೂ ನೀರು ಕೊನೆಗೆ ಹೋಗಿ ನಿಲ್ಲುವುದು ಅಲ್ಲಿಯೇ. ಆದರೆ ಹೊತ್ತು ಮೋಸ ಮಾಡುವುದಿಲ್ಲ. ನೀರು ತುಂಬುವಾಗ ಬಿದ್ದರೆ ಇನ್‌ಲೆಟ್ ವಾಲ್ವ್ (ನಳದ ನೀರನ್ನು ಒಳಬಿಡುವ ಕವಾಟ), ಸೋಪಿನ ಡ್ರಾಯರ್ ಮತ್ತು ಅವುಗಳ ಪೈಪು. ತಿರುಗುವಾಗ ಬಿದ್ದರೆ ಗ್ಯಾಸ್ಕೆಟ್, ಟಬ್ (ಡ್ರಮ್ಮಿನ ಹೊರಗಿನ, ನೀರು ನಿಲ್ಲುವ ತೊಟ್ಟಿ), ಶಾಫ್ಟ್ ಸೀಲ್ (ಡ್ರಮ್ಮಿನ ಅಚ್ಚಿನ ಸುತ್ತಲಿನ ರಬ್ಬರ್). ಖಾಲಿ ಮಾಡುವಾಗ ಬಿದ್ದರೆ ಪಂಪು ಮತ್ತು ಡ್ರೈನ್ ಪೈಪು. ಮಷಿನ್ ಆಫ್ ಇದ್ದಾಗಲೂ ತೊಟ್ಟಿಕ್ಕಿದರೆ ನಳದಿಂದ ಬರುವ ಹೋಸ್.

ಮೊದಲು ಅಳತೆ

ಬಿಚ್ಚುವ ಮುಂಚೆ ಎಷ್ಟು ನೀರು ಹೋಗುತ್ತಿದೆ ಎಂದು ತೂಗಲಾಯಿತು. ಅಡುಗೆಮನೆಯ ತಕ್ಕಡಿಯಲ್ಲಿ ಎರಡು ಹಳೆಯ ಟವಲ್ಲುಗಳ ಒಣ ತೂಕ 340 ಗ್ರಾಂ. ಕೆಳಗೆ ಹಾಸಿ, ಕಾಟನ್ 40 ಡಿಗ್ರಿ ಪ್ರೋಗ್ರಾಂ ಪೂರ್ತಿ ಓಡಿಸಿ, ಬಾಗಿಲು ತೆಗೆದು ಬಟ್ಟೆ ಹೊರಗೆ ಹಾಕಿದ ಮೇಲೆ ಮತ್ತೆ ತೂಗಿದರೆ 810 ಗ್ರಾಂ. ಅಂದರೆ ಒಂದು ಒಗೆತಕ್ಕೆ 470 ಮಿ.ಲೀ. "ಒಂದು ಚರಿಗಿ ನೀರು", "ಭಾಳ ನೀರು" ಎಂಬ ಮಾತಿನಿಂದ ರಿಪೇರಿ ಕೆಲಸ ಮಾಡಿತೋ ಇಲ್ಲವೋ ಗೊತ್ತಾಗುವುದಿಲ್ಲ. ಗ್ರಾಂ ಲೆಕ್ಕ ಇದ್ದರೆ ಅರ್ಧ ಗೆದ್ದದ್ದೂ ಕಾಣುತ್ತದೆ, ಏನೂ ಆಗದಿದ್ದುದೂ ಕಾಣುತ್ತದೆ.

ಈ ಮಷಿನ್ನಿನ ಪ್ಲಗ್ಗು ನೆಲದ ಮೇಲೆ ಬಿದ್ದಿದ್ದ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿತ್ತು. ಸೋರಿಕೆಗಿಂತ ಇದು ದೊಡ್ಡ ಅಪಾಯ. 2000 ವ್ಯಾಟ್ ಹೀಟರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ಬೋರ್ಡು 6 ಆಂಪಿಯರಿನದು, ಸುತ್ತಲೂ ನೀರು. ಗೋಡೆಯ 16 ಆಂಪಿಯರ್ ಸಾಕೆಟ್ಟಿಗೆ ಪ್ಲಗ್ಗು ಹಾಕಿದ ಮೇಲಷ್ಟೇ ಮುಂದಿನ ಕೆಲಸ. ಆ ಲೈನಿಗೆ ಅರ್ಥಿಂಗ್ ಸರಿ ಇರಬೇಕು, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್ಚು) ಇದ್ದರೆ ಇನ್ನೂ ಒಳ್ಳೆಯದು.

ಆರು ಹಾಳೆ, ಅರಿಶಿಣದ ಪಟ್ಟಿ

ಫ್ರಂಟ್‌ಲೋಡ್ ಮಷಿನ್ನಿನೊಳಗೆ ಕಾಂಕ್ರೀಟ್ ತೂಕದ ಕಲ್ಲು ಇರುವುದರಿಂದ ಅದು 60–70 ಕೆ.ಜಿ. ತೂಗುತ್ತದೆ. ಇಬ್ಬರು ಹಿಡಿದು ಸರಿಸಬೇಕು. ಡ್ರಾಯರ್ ಹಿಡಿದು ಎಳೆಯಬಾರದು. ಒಂದೂವರೆ ಅಡಿ ಮುಂದೆ ತಂದು, ನೆಲ ಒರಸಿ ಒಣಗಿಸಿ, ಸ್ಟ್ಯಾಂಡಿನ ಕೆಳಗೆ ಆರು ಹಾಳೆ ಪತ್ರಿಕೆ ಹಾಸಲಾಯಿತು. ಮುಂದೆ ಎಡದಿಂದ ಬಲಕ್ಕೆ 1, 2, 3. ಹಿಂದೆ 4, 5, 6. ಒಂದು ಹಾಳೆಯ ನೀರು ಇನ್ನೊಂದಕ್ಕೆ ಹರಿಯದಂತೆ ಪ್ರತಿ ಹಾಳೆಯ ಅಂಚನ್ನು ಬೆರಳಗಲ ಮೇಲಕ್ಕೆ ಮಡಚಿರಬೇಕು, ಇಲ್ಲದಿದ್ದರೆ ಇಳಿಜಾರು ಮತ್ತೆ ಮೋಸ ಮಾಡುತ್ತದೆ. ಈ ಮಷಿನ್ನಿನಲ್ಲಿ 1ರ ಮೇಲೆ ಸೋಪಿನ ಡ್ರಾಯರ್, 2ರ ಮೇಲೆ ಬಾಗಿಲು, 3ರ ಮೇಲೆ ಪಂಪು ಮತ್ತು ಫಿಲ್ಟರ್, 4ರ ಮೇಲೆ ನಳದ ಹೋಸ್, 5ರ ಮೇಲೆ ಟಬ್ಬಿನ ಬೆನ್ನು, 6ರ ಮೇಲೆ ಡ್ರೈನ್ ಪೈಪು.

ಇದರ ಜೊತೆಗೆ ಅರಿಶಿಣ. ಸೋಪಿನ ಪುಡಿ ಕರಗಿದ ನೀರು ಕ್ಷಾರ, ಅರಿಶಿಣ ಕ್ಷಾರಕ್ಕೆ ಕೆಂಪಾಗುತ್ತದೆ. ಒಗೆಯುವಾಗ ಅಂಗಿಯ ಮೇಲಿನ ಸಾರಿನ ಕಲೆ ಕೆಂಪಾಗುವುದನ್ನು ನೋಡದ ಮನೆ ಇಲ್ಲ. ಅರ್ಧ ಚಮಚ ಅರಿಶಿಣ ಪುಡಿಯನ್ನು ಸ್ವಲ್ಪ ಸ್ಪಿರಿಟ್ಟಿನಲ್ಲಿ ಕಲಸಿ (ಬರೇ ನೀರಿನಲ್ಲಿ ಬಣ್ಣ ಸರಿಯಾಗಿ ಬಿಡುವುದಿಲ್ಲ) ಬಿಳಿ ಹಾಳೆಯ ಪಟ್ಟಿಗಳಿಗೆ ಬಳಿದು ಒಣಗಿಸಿ, ಪ್ರತಿ ಪತ್ರಿಕೆಯ ಮೇಲೆ ಒಂದೊಂದು ಇಡಲಾಯಿತು. ಎರಡು ಪಟ್ಟಿ ಬೇರೆ: ಒಂದನ್ನು ನಳದ ನೀರಿನಲ್ಲಿ, ಇನ್ನೊಂದನ್ನು ಸೋಪಿನ ನೀರಿನಲ್ಲಿ ಅದ್ದಿ ಹೋಲಿಕೆಗೆ ಪಕ್ಕಕ್ಕೆ ಇಟ್ಟದ್ದು. ಬೋರ್ ನೀರು ತಾನೇ ತುಸು ಕ್ಷಾರವಾಗಿರಬಹುದಾದ್ದರಿಂದ ಈ ಹೋಲಿಕೆಯನ್ನು ಬಿಡುವಂತಿಲ್ಲ.

ಮೊದಲ ಅರ್ಧ ಗಂಟೆ ನಳ ತೆರೆದು ಮಷಿನ್ ಆಫ್. 4ನೇ ಹಾಳೆಯ ಮೇಲೆ ಹನಿ ಬಿತ್ತು, ಪಟ್ಟಿ ಹಳದಿಯಾಗಿಯೇ ಉಳಿಯಿತು. ಶುದ್ಧ ನೀರು, ಅಂದರೆ ಮಷಿನ್ನಿನೊಳಗೆ ಹೋಗುವ ಮುಂಚಿನ ನೀರು. ನಳದ ತುದಿಯ ನಟ್ಟಿಗೆ ಒಣ ಟಿಶ್ಯೂ ಸುತ್ತಿದರೆ ಕೂಡಲೇ ಒದ್ದೆ. ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ವಾಷರ್ ಬಿಸ್ಕತ್ತಿನಂತೆ ಗಟ್ಟಿಯಾಗಿ, ಉಗುರು ಒತ್ತಿದರೆ ಬಿರುಕು ಬಿಡುತ್ತಿತ್ತು. ಮುಕ್ಕಾಲು ಇಂಚಿನ ಹೊಸ ವಾಷರಿಗೆ ಹತ್ತು ರೂಪಾಯಿ. ಈ ನಟ್ಟಿಗೆ ಟೆಫ್ಲಾನ್ ಟೇಪ್ ಸುತ್ತುವ ರೂಢಿ ನಮ್ಮ ಕಡೆ ಬಹಳ. ಇಲ್ಲಿ ನೀರು ತಡೆಯುವುದು ದಾರವಲ್ಲ, ವಾಷರಿನ ಮುಖ. ಟೇಪ್ ಸುತ್ತಿದರೆ ನಟ್ಟು ಅರ್ಧಕ್ಕೇ ಬಿಗಿದಂತೆ ಅನಿಸಿ ವಾಷರ್ ಒತ್ತುವುದೇ ಇಲ್ಲ. ಟೇಪ್ ಬೇಕಾದದ್ದು ನಳವನ್ನು ಗೋಡೆಯ ಪೈಪಿಗೆ ಕೂರಿಸುವಲ್ಲಿ. ಹೋಸಿನ ನಟ್ಟನ್ನು ಕೈಯಿಂದ ಬಿಗಿದು, ಪಾನಾದಿಂದ ಕಾಲು ಸುತ್ತು ಮಾತ್ರ. ಅದು ಪ್ಲಾಸ್ಟಿಕ್ಕು, ಜೋರು ಮಾಡಿದರೆ ಸೀಳುತ್ತದೆ. ಮಷಿನ್ನಿನ ಕಡೆಯ ತುದಿಯನ್ನೂ ಬಿಚ್ಚಿ, ವಾಲ್ವಿನ ಬಾಯಲ್ಲಿರುವ ಸಣ್ಣ ಜಾಲರಿಯನ್ನು ಪಕ್ಕಡ್‌ನಿಂದ ಎಳೆದು ತೊಳೆಯಲಾಯಿತು.

ಮತ್ತೊಂದು ಒಗೆತ, ಮತ್ತೆ ಟವಲ್: 430 ಮಿ.ಲೀ. ಒಂದು ಸೋರಿಕೆ ಸಿಕ್ಕಿತು, ಆದರೆ ಅದು ಚಿಕ್ಕದು.

ಗಡಿಯಾರ ಹಿಡಿದು

ಹೊಸ ಹಾಳೆ, ಹೊಸ ಪಟ್ಟಿ, ಮೊಬೈಲಿನಲ್ಲಿ ಸ್ಟಾಪ್‌ವಾಚ್. ನೀರು ತುಂಬಲು ಶುರುವಾಗಿ ಒಂದೂವರೆ ನಿಮಿಷಕ್ಕೆ 1ನೇ ಹಾಳೆಯ ಮೇಲೆ ಮೊದಲ ಹನಿ. ಪಟ್ಟಿ ಕಣ್ಣೆದುರೇ ಕೆಂಪಾಯಿತು. ವಾಲ್ವ್ ಮುಚ್ಚಿದ ಸದ್ದಾದ ಮೇಲೆ ಅರ್ಧ ನಿಮಿಷದಲ್ಲಿ ಹನಿ ನಿಂತಿತು. ಮುಂದಿನ ಇಪ್ಪತ್ತು ನಿಮಿಷ ಡ್ರಮ್ಮು ತಿರುಗಿತು, ಎಲ್ಲೂ ಏನೂ ಇಲ್ಲ. ನೀರು ಖಾಲಿ ಮಾಡುವಾಗ 3 ಮತ್ತು 6 ಒಣವೇ ಒಣ. ರಿನ್ಸಿಗೆ ನೀರು ತುಂಬಿದಾಗಲೆಲ್ಲ ಮತ್ತೆ 1ರ ಮೇಲೆ ಹನಿ, ಮೂರು ರಿನ್ಸಿಗೆ ಮೂರು ಸಲ. ಸ್ಪಿನ್ನಿನಲ್ಲಿ ಇಲ್ಲ. ಕೊನೆಗೆ ಬಾಗಿಲು ತೆಗೆದ ಕೂಡಲೇ 2ರ ಮೇಲೆ ಒಂದಿಷ್ಟು ನೀರು ಚೆಲ್ಲಿತು.

ಇಷ್ಟಕ್ಕೇ ಅರ್ಧ ಮಷಿನ್ ನಿರಪರಾಧಿ. ತಿರುಗುವಾಗ ಬೀಳದ ನೀರಿಗೆ ಗ್ಯಾಸ್ಕೆಟ್ ಕಾರಣವಲ್ಲ. ಟಬ್ಬಿನ ಬೆನ್ನಿಗೆ ಟಾರ್ಚು ಹಿಡಿದರೆ ತುಕ್ಕಿನ ಕೆಂಪು ಗೆರೆ ಇರಲಿಲ್ಲ, ಸ್ಪಿನ್ನಿನಲ್ಲಿ ಗರಗರ ಸದ್ದೂ ಇರಲಿಲ್ಲ. ಶಾಫ್ಟ್ ಸೀಲ್ ಮತ್ತು ಬೇರಿಂಗ್ ಚೆನ್ನಾಗಿವೆ. ಅವು ಹೋಗಿದ್ದರೆ ಟಬ್ಬನ್ನೇ ಹೊರತೆಗೆಯುವ ದೊಡ್ಡ ಖರ್ಚು. ಪಂಪಿನ ಫಿಲ್ಟರ್ ಮಾತ್ರ ಹೇಗೂ ಬಿಚ್ಚಲಾಯಿತು. ಮುಂಚೆ ಪಕ್ಕದ ಸಣ್ಣ ಕೊಳವೆಯಿಂದ ಅಗಲ ತಾಟಿನಲ್ಲಿ ಉಳಿದ ನೀರು ಇಳಿಸಿಕೊಳ್ಳಬೇಕು, ಒಂದೆರಡು ಲೀಟರ್ ಬರುತ್ತದೆ. ಒಳಗೆ ಒಂದು ರೂಪಾಯಿ ನಾಣ್ಯ, ಎರಡು ಬ್ಲೌಸಿನ ಹುಕ್ಕು, ಕೂದಲಿನ ಉಂಡೆ. ಸೋರಿಕೆಗೆ ಸಂಬಂಧವಿಲ್ಲ, ಆದರೆ ಆ ನಾಣ್ಯ ಇನ್ನು ಸ್ವಲ್ಪ ದಿನಕ್ಕೆ ಪಂಪಿನ ರೆಕ್ಕೆ ಮುರಿಯುತ್ತಿತ್ತು.

ಉಳಿದದ್ದು ಡ್ರಾಯರ್. ಮನೆಯವರ ಆಕ್ಷೇಪ ಸರಿಯಾದದ್ದೇ: ಡ್ರಾಯರಿನಿಂದ ಸೋರಿದರೆ ಮಷಿನ್ನಿನ ಮುಖ ಒದ್ದೆಯಾಗಬೇಕಲ್ಲ? ಮುಖ ಒಣಗಿತ್ತು. ಪ್ಲಗ್ಗು ಕಿತ್ತು, ಹಿಂದಿನ ಎರಡು ಸ್ಕ್ರೂ ತೆಗೆದು, ಮೇಲಿನ ಮುಚ್ಚಳವನ್ನು ಒಂದಿಂಚು ಹಿಂದಕ್ಕೆ ಜಾರಿಸಿ ಎತ್ತಿದಾಗ ಉತ್ತರ ಸಿಕ್ಕಿತು. ಮುಂದಿನ ತಗಡಿನ ಒಳಮೈಗೆ, ಡ್ರಾಯರ್ ಪೆಟ್ಟಿಗೆಯ ಕೆಳತುಟಿಯಿಂದ ತಳದವರೆಗೆ, ಒಣಗಿದ ಸೋಪಿನ ಬಿಳಿ ಗೆರೆ. ಬಸವನಹುಳು ಹರಿದುಹೋದ ಹಾಗೆ. ನೀರು ತಗಡಿನ ಹಿಂದೆ ಇಳಿದು, ಮುಂದಿನ ಎಡಗಾಲಿನ ಬಳಿ ಹೊರಬಿದ್ದು, ನೆಲದ ಇಳಿಜಾರು ಹಿಡಿದು ಹಿಂದಿನ ಬಲ ಮೂಲೆ ಸೇರುತ್ತಿತ್ತು. ಎಷ್ಟೋ ಮಾಡೆಲ್ಲುಗಳಲ್ಲಿ ಡ್ರಾಯರಿನ ಮಗ್ಗುಲಲ್ಲೇ ಕಂಟ್ರೋಲ್ ಬೋರ್ಡ್ ಇರುತ್ತದೆ. ಹನಿ ಒಂದು ಗೇಣು ಬಲಕ್ಕೆ ಸರಿದಿದ್ದರೆ ಖರ್ಚಿನ ಮಾತೇ ಬೇರೆ.

ಡ್ರಾಯರ್ ಪೆಟ್ಟಿಗೆ ಉಕ್ಕಿದ್ದೇಕೆ

ಮುಚ್ಚಳ ತೆಗೆದ ಮಷಿನ್ನಿಗೆ ಕರೆಂಟು ಕೊಟ್ಟು ನೋಡುವುದು ಬೇಡ. ಅದಕ್ಕೆ ಬದಲು ಜಗ್ಗಿನ ಪರೀಕ್ಷೆ. ಇಂಥ ಮಷಿನ್ನಿಗೆ ವಾಲ್ವ್ ಮೂಲಕ ನಿಮಿಷಕ್ಕೆ ಸುಮಾರು 8 ಲೀಟರ್ ಬರುತ್ತದೆ ಎಂದು ಹಿಡಿದರೆ, ಒಂದು ಲೀಟರ್ ನೀರನ್ನು 7–8 ಸೆಕೆಂಡಿನಲ್ಲಿ ಸುರಿದರೆ ಅದೇ ವೇಗ. ಡ್ರಾಯರನ್ನು ನಡುವಿನ ಗುಂಡಿ ಒತ್ತಿ ಪೂರ್ತಿ ಹೊರತೆಗೆದು, ಖಾಲಿ ಪೆಟ್ಟಿಗೆಯ ಹಿಂಭಾಗಕ್ಕೆ ಹಾಗೆ ಸುರಿಯಲಾಯಿತು. ಅರ್ಧ ಜಗ್ಗು ಮುಗಿಯುವ ಮುಂಚೆಯೇ ಪೆಟ್ಟಿಗೆಯಲ್ಲಿ ನೀರು ಏರಿ, ಮುಂದಿನ ತುಟಿ ದಾಟಿ, ಅದೇ ಬಿಳಿ ಗೆರೆಯ ಮೇಲೆ ಇಳಿಯಿತು. ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಪೆಟ್ಟಿಗೆಯ ಹಿಂಭಾಗದಲ್ಲಿ ಟಬ್ಬಿಗೆ ಇಳಿಯುವ ಗಂಟಲು ಇರುತ್ತದೆ. ಅದರ ಸುತ್ತ ಬೂದು ಬಣ್ಣದ ಲೇಪ ಗಾರೆಯಂತೆ ಕಟ್ಟಿ ಮುಕ್ಕಾಲು ಪಾಲು ಮುಚ್ಚಿತ್ತು. ಮೇಲ್ಛಾವಣಿಯಲ್ಲಿ ಶವರಿನಂತಿರುವ ತೂತುಗಳಲ್ಲಿ ಅರ್ಧದಷ್ಟಕ್ಕೆ ಬಿಳಿ ಹಕ್ಕಳೆ. ಉಳಿದ ತೂತುಗಳಿಂದ ನೀರು ನೆಟ್ಟಗೆ ಬೀಳದೆ ಓರೆಯಾಗಿ ಮುಂದಕ್ಕೆ ಚಿಮ್ಮುತ್ತಿತ್ತು.

ಈ ಗಾರೆ ಹೇಗೆ ಬಂತು? ಸವದತ್ತಿಯ ರೇಣುಕಾಸಾಗರದಿಂದ ಬರುವ ಮಲಪ್ರಭೆಯ ನೀರು ಅಷ್ಟು ಗಡಸಲ್ಲ. ಆದರೆ ನಳದ ನೀರು ದಿನ ಬಿಟ್ಟು ದಿನ ಬಿಟ್ಟು ಬರುವ ಕಡೆ ಸಂಪಿನಲ್ಲಿ ಬೋರ್ ನೀರು ಬೆರೆಯುತ್ತದೆ, ಬೇಸಿಗೆಯಲ್ಲಂತೂ ಬೋರೇ ಗತಿ. ಬೋರ್ ನೀರಿನ ಕ್ಯಾಲ್ಸಿಯಂ, ಸೋಪಿನ ಪುಡಿಯ ಸೋಡಾ ಸೇರಿದರೆ ಸುಣ್ಣದಕಲ್ಲಿನ ಜಾತಿಯ ಹಿಟ್ಟು. ಅದಕ್ಕೆ ಕರಗದ ಪುಡಿ ಅಂಟಿಕೊಳ್ಳುತ್ತದೆ. ಈ ಮನೆಯಲ್ಲಿ ಕೈಯಿಂದ ಒಗೆಯುವ ಪುಡಿಯನ್ನೇ, ಅದೂ ಎರಡು ತುಂಬು ಅಳತೆ, ಪ್ರತಿ ಸಲ ಹಾಕುತ್ತಿದ್ದರು. ಒಗೆತ ಮುಗಿದ ಕೂಡಲೇ ಡ್ರಾಯರ್ ಮುಚ್ಚುತ್ತಿದ್ದರು.

ಅದೂ ಸಾಲದೆ ಒತ್ತಡ ಕಡಿಮೆ. ಟೆರೇಸಿನ ಟಾಕಿಯ ತಳದಿಂದ ಮಷಿನ್ನಿನ ವಾಲ್ವಿಗೆ ಎತ್ತರ ಸುಮಾರು 11 ಅಡಿ. 10 ಅಡಿ ಎತ್ತರಕ್ಕೆ 0.3 ಬಾರ್ ಒತ್ತಡ, ಬಹಳಷ್ಟು ಮಷಿನ್ನುಗಳು ಕೇಳುವ ಕನಿಷ್ಠಕ್ಕೆ ಅಂಚಿನಲ್ಲಿ. ತೂತುಗಳಿಂದ ನೀರು ಚಿಮ್ಮದೆ ಜಿನುಗುತ್ತಿತ್ತು, ಪುಡಿ ಪೂರ್ತಿ ತೊಳೆದು ಹೋಗುತ್ತಿರಲಿಲ್ಲ. ಹಾಗಾಗಿ ಗಾರೆ ಕಟ್ಟಿತು. ಅದೇ ಕಾರಣಕ್ಕೆ ಸೋರಲೂ ಇಲ್ಲ: ನಿಧಾನಕ್ಕೆ ಬರುವ ನೀರಿಗೆ ಕಿರಿದಾದ ಗಂಟಲೂ ಸಾಕಾಗಿತ್ತು.

ಆರು ವಾರದ ಹಿಂದೆ ಏನು ಬದಲಾಯಿತು ಎಂಬ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕಿತ್ತು. ಬಚ್ಚಲಿಗೆ ಹೊಸ ಶವರ್ ಹಾಕಿಸಿ, ಟೆರೇಸಿನಲ್ಲಿ ಪ್ರೆಶರ್ ಬೂಸ್ಟರ್ ಪಂಪು ಕೂರಿಸಿದ್ದರು. ಮಷಿನ್ನಿನ ಹೋಸನ್ನು ಬಕೀಟಿಗೆ ಬಿಟ್ಟು ನೋಡಿದಾಗ, ಪಂಪು ಆಫ್ ಇದ್ದರೆ 10 ಲೀಟರ್ ತುಂಬಲು 2 ನಿಮಿಷ, ಆನ್ ಇದ್ದರೆ 43 ಸೆಕೆಂಡು. ಮಷಿನ್ನಿನ ವಾಲ್ವಿನೊಳಗೆ ಹರಿವನ್ನು ಹದ್ದುಬಸ್ತಿನಲ್ಲಿಡುವ ರಬ್ಬರ್ ಬಿಲ್ಲೆ ಇರುವುದರಿಂದ ಅಷ್ಟೂ ಒಳಗೆ ನುಗ್ಗುವುದಿಲ್ಲ, ಆದರೂ ಮುಂಚಿನದಕ್ಕೆ ಎರಡರಷ್ಟಾಯಿತು. ಕಿರಿದಾದ ಗಂಟಲಿಗೆ ಅದು ಹಿಡಿಸಲಿಲ್ಲ. ಬೂಸ್ಟರ್ ತಪ್ಪಲ್ಲ, ಮಷಿನ್ನಿಗೆ ಆ ಒತ್ತಡ ಭಾರವೂ ಅಲ್ಲ. ಆರು ವರ್ಷದ ಗಾರೆಯನ್ನು ಅದು ಬಯಲಿಗೆಳೆಯಿತು, ಅಷ್ಟೆ. ಅವಳಿ ನಗರದಲ್ಲಿ ಇಪ್ಪತ್ನಾಲ್ಕು ಗಂಟೆ ನೀರಿನ ವ್ಯವಸ್ಥೆ ಇರುವ ವಾರ್ಡುಗಳಲ್ಲಿ ಮಷಿನ್ನನ್ನು ಟಾಕಿಯಿಂದ ಬಿಡಿಸಿ ನೇರ ನಳಕ್ಕೆ ಜೋಡಿಸಿದಾಗಲೂ ಹೀಗಾಗಬಹುದು.

ರಿಪೇರಿ

50 ಡಿಗ್ರಿಯಷ್ಟು ಬಿಸಿಯ ಅರ್ಧ ಲೀಟರ್ ನೀರಿಗೆ 30 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್). ಅದರಲ್ಲಿ ಹಳೆಯ ಬನಿಯನ್ ಬಟ್ಟೆ ಅದ್ದಿ, ಪೆಟ್ಟಿಗೆಯ ಛಾವಣಿಗೆ ಅಂಟಿಸಿ, ಗಂಟಲಿಗೂ ತುರುಕಿ 20 ನಿಮಿಷ ಬಿಟ್ಟರೆ ಹಕ್ಕಳೆ ನೊರೆಯಾಡುತ್ತ ಮೆತ್ತಗಾಗುತ್ತದೆ. ಹಲ್ಲುಜ್ಜುವ ಹಳೆಯ ಬ್ರಶ್ ಮತ್ತು ಬಿದಿರಿನ ಕಡ್ಡಿಯಿಂದ ಕೆರೆಯಬೇಕು. ಸ್ಕ್ರೂಡ್ರೈವರ್ ಬೇಡ, ಗಂಟಲಿನ ಕೆಳಗಿನ ರಬ್ಬರ್ ಸುರುಳಿ ಹರಿದರೆ ಹೊಸ ಸೋರಿಕೆ. ಇಲ್ಲಿ ಎರಡು ಸಲ ಮಾಡಬೇಕಾಯಿತು. ಮೇಲಿನ ಮುಚ್ಚಳ ತೆಗೆದೇ ಇದ್ದುದರಿಂದ ಆ ರಬ್ಬರ್ ಸುರುಳಿಯನ್ನು ಹೊರಗಿನಿಂದ ಹಿಚುಕಿ ಉಳಿದ ಉಂಡೆಗಳನ್ನು ಟಬ್ಬಿಗೆ ಇಳಿಸಲಾಯಿತು. ಈ ಕೆಲಸಕ್ಕೆ ಬ್ಲೀಚ್ ಹತ್ತಿರವೂ ಬರಬಾರದು. ಆಸಿಡ್ಡಿಗೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಯುಟಿಲಿಟಿಯಂಥ ಸಣ್ಣ ಜಾಗದಲ್ಲಿ ಉಸಿರು ಕಟ್ಟುತ್ತದೆ.

ಮತ್ತೆ ಜಗ್ಗು: ಲೀಟರ್ ನೀರು ಗಳಗಳ ಎಂದು ಒಳಗೆ ಹೋಯಿತು, ಪೆಟ್ಟಿಗೆಯಲ್ಲಿ ನಿಲ್ಲಲೇ ಇಲ್ಲ. ಮುಚ್ಚಳ ಹಾಕಿ, ಡ್ರಮ್ಮಿನಲ್ಲಿ 100 ಗ್ರಾಂ ನಿಂಬೆ ಉಪ್ಪು ಹಾಕಿ 60 ಡಿಗ್ರಿಯಲ್ಲಿ ಖಾಲಿ ಓಡಿಸಿದ್ದು ಹೀಟರ್ ಮೇಲಿನ ಹಕ್ಕಳೆಗಾಗಿ.

ನಳವನ್ನು ತುಸು ತಗ್ಗಿಸಲಾಯಿತು: ಬೂಸ್ಟರ್ ಆನ್ ಇದ್ದಾಗ 10 ಲೀಟರಿಗೆ 75 ಸೆಕೆಂಡು ಆಗುವಂತೆ ತಿರುಗಿಸಿ, ಹಿಡಿಕೆಯ ಬಳಿ ನೇಲ್ ಪಾಲಿಶಿನ ಗುರುತು. ಇನ್ನೂ ತಗ್ಗಿಸಿದರೆ ಮಷಿನ್ "ನೀರಿಲ್ಲ" ಎಂಬ ಎರರ್ ತೋರಿಸಿ ನಿಲ್ಲುತ್ತದೆ, ಪುಡಿಯೂ ಮತ್ತೆ ಕಟ್ಟುತ್ತದೆ. ಪುಡಿ ಬದಲಾಯಿತು. ಫ್ರಂಟ್‌ಲೋಡಿಗೆಂದೇ ಬರುವ ನೊರೆ ಕಡಿಮೆಯ ಪುಡಿ, ಅರ್ಧ ಡ್ರಮ್ಮಿಗೆ 40–50 ಗ್ರಾಂ, ಬೋರ್ ನೀರಿದ್ದ ದಿನ ಒಂದು ಚಮಚ ಜಾಸ್ತಿ. ಕೈ ಒಗೆತದ ಪುಡಿಯ ನೊರೆ ಟಬ್ಬಿನಿಂದ ಮೇಲೇರಿ ಡ್ರಾಯರಿನ ದಾರಿಯಲ್ಲೇ ಹೊರಬರುವುದುಂಟು, ಗಂಟಲು ಸ್ವಚ್ಛವಿದ್ದರೂ.

ಪುಟ್ಟಿ ಮೆತ್ತಿದ ಡ್ರೈನ್ ಪೈಪನ್ನು ಬದಲಿಸಲೇಬೇಕಾಯಿತು. ಬಳುಕುವ ಪೈಪಿನ ಮೇಲೆ ಎಪಾಕ್ಸಿ ಗಟ್ಟಿಯಾಗಿ ಕೂತು, ಸ್ಪಿನ್ನಿನ ನಡುಕಕ್ಕೆ ಅದರ ಅಂಚಿನಲ್ಲೇ ಪೈಪು ಮಡಿಕೆ ಬೀಳುತ್ತಿತ್ತು. ಹೊಸ ಪೈಪಿನ ತುದಿ ನೆಲದಿಂದ 60ರಿಂದ 100 ಸೆಂ.ಮೀ. ಎತ್ತರದಲ್ಲಿರಬೇಕು, ಗೋಡೆಯ ಪೈಪಿನೊಳಗೆ ಒಂದು ಗೇಣಿಗಿಂತ ಕಡಿಮೆ ಇಳಿಯಲಿ, ಸುತ್ತ ಗಾಳಿಗೆ ಸಂದು ಇರಲಿ. ಬಿಗಿಯಾಗಿ ಮುಚ್ಚಿದರೆ ತುಂಬಿದ ನೀರು ತಾನೇ ಎಳೆದುಕೊಂಡು ಹೋಗಬಹುದು.

ಉಳಿದ 50 ಮಿ.ಲೀ.

ಇಷ್ಟೆಲ್ಲ ಆದ ಮೇಲಿನ ಒಗೆತದಲ್ಲಿ ಟವಲ್ 390 ಗ್ರಾಂ. ಒಗೆಯುವಾಗ ಒಂದು ಹನಿಯೂ ಇಲ್ಲ, ಬಾಗಿಲು ತೆಗೆದಾಗ ಮಾತ್ರ 2ರ ಮೇಲೆ ಚೆಲ್ಲುತ್ತದೆ. ಇದು ರಿಪೇರಿಯೇ ತಂದ ಸೋರಿಕೆ. ಗ್ಯಾಸ್ಕೆಟ್ಟಿನ ಮಡಿಕೆಯಲ್ಲಿ ನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ. ಅವು ಗಡಿಯಾರದ 6ರ ಜಾಗದಲ್ಲಿ, ಕೆಳಗೆ ಇರಬೇಕು. ಹೊಸದನ್ನು ಕೂರಿಸುವಾಗ ತಿರುಗಿ 8ರ ಜಾಗಕ್ಕೆ ಹೋಗಿದ್ದವು, ಕೆಳಗಿನ ಮಡಿಕೆ ಬಟ್ಟಲಾಗಿತ್ತು. ನೀರು ನಿಂತರೆ ಕಪ್ಪು ಬೂಷ್ಟು, ವಾಸನೆ, ಆಮೇಲೆ ಬಟ್ಟೆಗೆ ಕಲೆ.

ಇದನ್ನು ಸರಿಮಾಡಲು ಹೊರಗಿನ ಸ್ಪ್ರಿಂಗ್ ತಂತಿ ತೆಗೆದು, ರಬ್ಬರಿನ ತುಟಿಯನ್ನು ಡ್ರಮ್ಮಿನೊಳಗೆ ಮಡಚಿ, ಒಳಗಿನ ಕ್ಲಾಂಪ್ ಸಡಿಲಿಸಿ, ಗ್ಯಾಸ್ಕೆಟ್ಟಿನ ಮೇಲ್ತುದಿಯ ತ್ರಿಕೋನ ಗುರುತನ್ನು ಟಬ್ಬಿನ ಗುರುತಿಗೆ ಹೊಂದಿಸಬೇಕು. ಮೊದಲ ಸಲ ಮಾಡುವವರಿಗೆ ಒಳ ಕ್ಲಾಂಪ್ ಬೆರಳು ಕಚ್ಚುತ್ತದೆ, ಮಿಸ್ತ್ರಿಗೆ ಬಿಡುವುದೇ ಜಾಣತನ. ಆದರೆ ಪಕ್ಕದಲ್ಲಿ ನಿಂತು ತೂತು ಎಲ್ಲಿ ಬಂತೆಂದು ನೋಡಬೇಕು. ಜಾರಲೆಂದು ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಸವರಬಹುದು. ಗ್ರೀಸು, ಎಣ್ಣೆ ಬೇಡ, ಈ ರಬ್ಬರ್ ಪೆಟ್ರೋಲಿಯಂ ಎಣ್ಣೆಗೆ ಉಬ್ಬುತ್ತದೆ. ಇಪ್ಪತ್ತು ನಿಮಿಷದ ಕೆಲಸ. ಆಮೇಲಿನ ಮೂರು ಒಗೆತಕ್ಕೂ ಟವಲ್ 340–345 ಗ್ರಾಂ ಇತ್ತು.

ಬಿಚ್ಚಿಹಾಕಿದ್ದ ಹಳೆಯ ಗ್ಯಾಸ್ಕೆಟ್ ಅಟ್ಟದ ಮೇಲೆ ಇನ್ನೂ ಇತ್ತು. ಅದರ ತೂತುಗಳಿಗೆ ಟೇಪ್ ಅಂಟಿಸಿ, ಕೆಳಗಿನ ಮಡಿಕೆಗೆ ನೀರು ತುಂಬಿ, ಹತ್ತು ನಿಮಿಷ ಒಣ ಹಾಳೆಯ ಮೇಲೆ ಎತ್ತಿ ಹಿಡಿದರು. ಹಾಳೆ ಒಣಗಿಯೇ ಇತ್ತು.